ಬೂಟಿನ ಆತ್ಮಕಥೆ ಬರೆದವಳು

ಹೋದ ತಿಂಗಳು ಹುಣಸೂರಿನಿಂದ ಇಬ್ಬರು ಮೇಷ್ಟ್ರುಗಳು ಮಿರ್ಲೆಯ ನಮ್ಮ ಮನೆಗೆ ಬಂದಿದ್ದರು. ನಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಗ್ಗೆ ಸ್ಮರಣ ಸಂಚಿಕೆ ತರುತ್ತಿದ್ದಾರಂತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಶಾಲೆಯ ಕೈಬರಹದ ಪತ್ರಿಕೆಯಲ್ಲಿ ಯುದ್ಧದ ವಿರುದ್ಧ ಬರೆದು, ಶಾಲೆ ಬಿಡಬೇಕಾಗಿ ಬಂದ ಹುಡುಗಿ ನಾನೇ ಎಂದು ಯಾರೋ ಅವರಿಗೆ ಹೇಳಿದ್ದರು. "ಅದನ್ನು ಬರೆದವಳು ನಾನಲ್ಲ, ನನ್ನ ಸ್ನೇಹಿತೆ" ಎಂದೆ. ಇಬ್ಬರೂ ನಕ್ಕರು. "ಅಜ್ಜೀ, ನಿಮಗೆ ಸಂಕೋಚ ಜಾಸ್ತಿ" ಎಂದು ಫೋಟೊ ತೆಗೆದುಕೊಂಡು ಹೋದರು. ತೊಂಬತ್ತು ದಾಟಿದವಳ ಮಾತನ್ನು ಜನ ಪ್ರೀತಿಯಿಂದ ಕೇಳುತ್ತಾರೆ, ನಂಬುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ನನ್ನ ತವರು ಪಿರಿಯಾಪಟ್ಟಣದ ಆಚೆಯ ಒಂದು ಹಳ್ಳಿ. ಅಪ್ಪನಿಗೆ ನಾನು ನಾಲ್ಕಕ್ಷರ ಕಲಿಯಲಿ ಎಂಬ ಆಸೆ. ಹುಣಸೂರಿನಲ್ಲಿದ್ದ ಸೋದರತ್ತೆಯ ಮನೆಯಲ್ಲಿ ಬಿಟ್ಟು ಮಿಡ್ಲ್ ಸ್ಕೂಲಿಗೆ ಸೇರಿಸಿದ್ದ. ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ಇನ್ನೊಬ್ಬಳು ಸಾಬರ ಬೀದಿಯವಳು. ಅವಳ ತಂದೆ ಚರ್ಮ ಹದಮಾಡುವ ಟ್ಯಾನರಿಯ ಹತ್ತಿರ ಬೂಟು ಹೊಲಿಯುತ್ತಿದ್ದರು. ಕಿಟಕಿಯ ಪಕ್ಕದ ಗಿಡ್ಡ ಬೆಂಚು ನಮ್ಮಿಬ್ಬರದು.

ಆಗ ಸೀಮೆ ಮಹಾರಾಜರದು, ಮಹಾರಾಜರ ಮೇಲೆ ಇಂಗ್ಲಿಷಿನವರು. ಯುದ್ಧ ಎಲ್ಲೋ ಸಮುದ್ರದಾಚೆ ನಡೆಯುತ್ತಿದ್ದರೂ ಹುಣಸೂರಿನ ಬೀದಿಬೀದಿಗೂ ಬಂದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಏದುಸಿರು ಬಿಡುತ್ತಾ ಓಡಾಡುತ್ತಿದ್ದವು. ಸ್ನೇಹಿತೆಯ ತಂದೆ ಮೊದಲು ಊರಿನವರಿಗೆ ಚಪ್ಪಲಿ ಮಾಡುತ್ತಿದ್ದವರು, ಈಗ ಸಿಪಾಯಿಗಳ ಬೂಟು ಬಿಟ್ಟು ಬೇರೇನೂ ಮುಟ್ಟುವಂತಿರಲಿಲ್ಲ. ಕಾಗದಕ್ಕೂ ಬರ. ನಮ್ಮ ಪತ್ರಿಕೆಯನ್ನು ಹಳೆಯ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಬರೆದು, ದಾರದಿಂದ ಹೊಲಿಯುತ್ತಿದ್ದೆವು. ಇದ್ದದ್ದು ಒಂದೇ ಪ್ರತಿ. ಅದು ಕೈಯಿಂದ ಕೈಗೆ ಹೋಗಬೇಕು.

ನನ್ನ ಅಕ್ಷರ ಚೆನ್ನಾಗಿತ್ತು. ಅದೇ ನನಗೆ ಅಂಟಿಕೊಂಡಿತು. ಹುಡುಗರು ಕಥೆ, ಪದ್ಯ ಬರೆದು ತಂದು ಕೊಡುವರು, ನಾನು ಕೂತು ಪ್ರತಿ ಮಾಡುತ್ತಿದ್ದೆ. ನನ್ನದೇನಾದರೂ ಸೇರಿಸಲೇ ಎಂದರೆ, "ನೀನು ಬರೆಯೋಕೆ ಕೂತರೆ ನಮ್ಮದನ್ನ ಬರೆಯೋರು ಯಾರು?" ಎನ್ನುವರು. ಎಲ್ಲರ ಮಾತೂ ನನ್ನ ಕೈಯಿಂದಲೇ ಹೋಗುತ್ತಿತ್ತು. ನನ್ನದು ಮಾತ್ರ ಒಳಗೇ ಉಳಿಯುತ್ತಿತ್ತು.

ಆ ವರ್ಷ ಯುದ್ಧ ಸಂಚಿಕೆ ತರಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಸೈನ್ಯವನ್ನು ಹೊಗಳಿ ಬರೆಯಬೇಕು, ಯುದ್ಧನಿಧಿಯ ಸಭೆಯ ದಿನ ತಾಲ್ಲೂಕಿನ ಅಧಿಕಾರಿ ಅಮಲ್ದಾರರ ಕೈಗೆ ಕೊಡಬೇಕು. ಹುಡುಗರು ಟ್ಯಾಂಕು, ವಿಮಾನಗಳ ಮೇಲೆ ಪದ್ಯ ಕಟ್ಟಿದರು. ನನ್ನ ಸ್ನೇಹಿತೆ 'ಬೂಟಿನ ಆತ್ಮಕಥೆ' ಎಂದು ಬರೆದು ತಂದಳು.

"ಹೆಸರು ಹಾಕ್ಬೇಡ ಕಣೇ. ಹುಡುಗಿ ಹೆಸ್ರು ಬೀದಿಗೆ ಬಂತು ಅಂತ ಮನೇಲಿ ಬಯ್ತಾರೆ."

ನಮ್ಮ ಕಡೆಯ ಹೊಲದಲ್ಲಿ ಉಳುತ್ತಿದ್ದ ಎತ್ತು ಅದರಲ್ಲಿ ಮಾತಾಡುತ್ತದೆ. ಸತ್ತ ಮೇಲೆ ಅದರ ಚರ್ಮ ಹುಣಸೂರಿಗೆ ಬರುತ್ತದೆ, ಹದವಾಗುತ್ತದೆ, ಬೂಟಾಗುತ್ತದೆ, ಹಡಗು ಹತ್ತಿ ಮರಳುಗಾಡಿಗೆ ಹೋಗುತ್ತದೆ. ಕೊನೆಯ ಸಾಲು ಹೀಗಿತ್ತು: 'ಕಾಲು ಇನ್ನೂ ನನ್ನೊಳಗೇ ಇದೆ. ಆದರೆ ಅದು ನಡೆಯುತ್ತಿಲ್ಲ.'

ಪ್ರತಿ ಮಾಡುವಾಗ ಆ ಸಾಲಿನಲ್ಲಿ ನನ್ನ ಪೆನ್ನು ನಿಂತಿತು. ಇಷ್ಟು ಚೆನ್ನಾದದ್ದು ನನ್ನ ಕೈಯಿಂದ ಅಲ್ಲಿಯವರೆಗೆ ಹೋಗಿರಲಿಲ್ಲ.

ಸಾಮಾನ್ಯವಾಗಿ ಹೆಡ್‌ಮೇಷ್ಟ್ರು ಪ್ರತಿ ಪುಟವನ್ನೂ ನೋಡಿಯೇ ಬಿಡುತ್ತಿದ್ದರು. ಆ ಸಲ ಜ್ವರ ಬಂದು ಮಲಗಿದ್ದರು. ಸಭೆಯಲ್ಲಿ ಅಮಲ್ದಾರರು ಪತ್ರಿಕೆ ತೆರೆದು, ಶೀರ್ಷಿಕೆ ನೋಡಿ ಖುಷಿಯಾಗಿ, ಇದನ್ನೇ ಗಟ್ಟಿಯಾಗಿ ಓದತೊಡಗಿದರು. ಎತ್ತಿನ ಮಾತಿಗೆ ಜನ ನಕ್ಕರು. ಮರಳುಗಾಡು ಬಂದಾಗ ನಗು ನಿಂತಿತು. ಹಿಂದೆ ಕೂತಿದ್ದ ಒಬ್ಬ ಹೆಂಗಸು, ಸಿಪಾಯಿಯ ತಾಯಿ ಇರಬೇಕು, ಜೋರಾಗಿ ಅಳಲು ಶುರುಮಾಡಿದಳು. ಅಮಲ್ದಾರರು ಪತ್ರಿಕೆ ಮುಚ್ಚಿ, "ಯಾರು ಬರೆದದ್ದು?" ಎಂದರು.

ಮರುದಿನ ಬೆಳಿಗ್ಗೆ ನನ್ನನ್ನು ಹೆಡ್‌ಮೇಷ್ಟ್ರ ಕೋಣೆಗೆ ಕರೆದರು. ಜ್ವರ ಪೂರಾ ಬಿಟ್ಟಿರಲಿಲ್ಲ, ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು.

"ಅಕ್ಷರ ನಿನ್ನದು, ಗೊತ್ತು. ಬರೆದುಕೊಟ್ಟವರು ಯಾರು, ಅಷ್ಟು ಹೇಳಮ್ಮ. ಟ್ಯಾನರಿ ಕಡೆ ಹುಡುಗ ತಾನೇ?"

ಹೆಡ್‌ಮೇಷ್ಟ್ರು ದನಿ ತಗ್ಗಿಸಿದರು.

"ಅಲ್ಲಿಯವರೇ ಅಂತ ಗೊತ್ತಾದರೆ ಅವರ ಅಪ್ಪಂದಿರಿಗೆ ಬೂಟಿನ ಕೆಲಸ ನಿಲ್ಲಿಸ್ತಾರೆ. ಅದು ನನ್ನ ಕೈಲಿಲ್ಲ. ಆದರೆ ಒಂದು ಹೆಸರು ಕೊಡದೇ ಹೋದರೆ ನನ್ನ ಹೆಸರೇ ಹೋಗುತ್ತೆ."

ಬೆಲ್ಲು ಹೊಡೆಯಿತು, ಪಾಠ ಶುರುವಾಯಿತು, ಊಟಕ್ಕೆ ಬಿಟ್ಟರು. ನನ್ನನ್ನು ಬೀರುವಿನ ಪಕ್ಕ ನಿಲ್ಲಿಸಿಯೇ ಇದ್ದರು. ಬಾಗಿಲು ತೆರೆದೇ ಇತ್ತು, ಆದರೆ ಹೊರಗೆ ಹೋಗಲು ಎರಡೇ ದಾರಿ. ಒಂದು ಅವಳ ಹೆಸರು, ಇನ್ನೊಂದು ಯಾವುದು ಎಂದು ನನಗೆ ನಿಧಾನವಾಗಿ ತಿಳಿಯುತ್ತಾ ಬಂತು. ಮಧ್ಯಾಹ್ನ ಅತ್ತೆಯ ಗಂಡನನ್ನು ಕರೆಸಿದರು. ಮಾವ ಹೊಗೆಸೊಪ್ಪಿನ ವ್ಯಾಪಾರ ಬಿಟ್ಟು ಓಡಿ ಬಂದಿದ್ದ.

"ಯಾರು ಬರೆದ್ರು ಅಂತ ಏಳ್ಬುಡವ್ವ. ನಮ್ಗ್ಯಾಕೆ ಊರ ಉಸಾಬರಿ?"

ಬಾಗಿಲಾಚೆ ಪಡಸಾಲೆಯಲ್ಲಿ ಸ್ನೇಹಿತೆ ನೀರು ಕುಡಿಯುವ ನೆಪದಲ್ಲಿ ಮತ್ತೆ ಮತ್ತೆ ಹಾದುಹೋಗುತ್ತಿದ್ದಳು. ಅವಳ ಮುಖ ನೋಡಿದರೆ ಸಿಕ್ಕಿಬೀಳುತ್ತಾಳೆಂದು ನಾನು ಗೋಡೆಯ ಕಡೆ ತಿರುಗಿಕೊಂಡೆ.

"ನಾನೇ ಬರ್ದಿದ್ದು ಸಾರ್" ಎಂದೆ.

"ಬೂಟಿನ ವಿಚಾರ ನಿನಗೇನು ಗೊತ್ತು?"

"ಎತ್ತಿನ ವಿಚಾರ ಗೊತ್ತು ಸಾರ್. ನಮ್ಮನೇಲಿ ಎತ್ತು ಸತ್ತಾಗ ಚರ್ಮ ಇಲ್ಲಿಗೇ ಬಂದಿತ್ತು."

ಹೆಡ್‌ಮೇಷ್ಟ್ರು ಮಫ್ಲರ್ ಸಡಿಲ ಮಾಡಿಕೊಂಡರು. ಅವರಿಗೆ ಕೋಪ ಬರಲಿಲ್ಲ, ಸಮಾಧಾನವಾಯಿತು. ಒಕ್ಕಲು ಮನೆಯ ಹುಡುಗಿ, ನಾಳೆಯೋ ನಾಡಿದ್ದೋ ಮದುವೆಯಾಗಿ ಹೋಗುವವಳು. ಯಾರ ಕೆಲಸವೂ ಹೋಗುವುದಿಲ್ಲ. "ತಿಳಿವಳಿಕೆ ಇಲ್ಲದೆ ಬರೆದಿದಾಳೆ ಅಂತ ಬರೆದು ಕಳಿಸ್ತೀನಿ. ನೀವು ಇವಳನ್ನ ಊರಿಗೆ ಕರ್ಕೊಂಡು ಹೋಗ್ಬಿಡಿ" ಎಂದು ಮಾವನಿಗೆ ಹೇಳಿದರು.

ಇದ್ದಿಲು ಬಸ್ಸಿನಲ್ಲಿ ಮಾವ ನನ್ನನ್ನು ಊರಿಗೆ ಕರೆತಂದ. ಅಪ್ಪ ಬಯ್ಯಲಿಲ್ಲ. ಅವ್ವನಿಗಂತೂ ಮಗಳು ಮನೆಗೆ ಬಂದದ್ದೇ ಸಂತೋಷ. "ಓದಿದ್ದು ಸಾಕು ಬುಡು, ಇನ್ನು ಮನೆ ಕೆಲ್ಸ ಕಲ್ತ್ಕೊ" ಎಂದಳು. ಹೊಸಿಲು ದಾಟುವುದಕ್ಕೂ ಕೇಳಬೇಕಾಯಿತು. ಬರೆಯಲು ಏನೂ ಇರಲಿಲ್ಲ. ರಾಗಿ ತುಂಬುವ ಮಣ್ಣಿನ ವಾಡೆಯ ಹಿಂಭಾಗದಲ್ಲಿ ಇದ್ದಿಲಿನಿಂದ ಏನಾದರೂ ಗೀಚುತ್ತಿದ್ದೆ. ಅವ್ವ ಮಣ್ಣು ಸಾರಿಸುವಾಗ ಅದೂ ಹೋಗುತ್ತಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ, ಕೊಳೆ ಎಂದುಕೊಂಡಿರಬೇಕು. ಸ್ನೇಹಿತೆಯ ಮೇಲೆ ದಿನವೂ ಕೋಪ ಬರುತ್ತಿತ್ತು. ಒಂದು ಮಾತು ಹೇಳಬಹುದಿತ್ತಲ್ಲ ಎನಿಸುತ್ತಿತ್ತು. ಮುಂದಿನ ವರ್ಷ ಮಿರ್ಲೆಗೆ ಮದುವೆ ಮಾಡಿಕೊಟ್ಟರು. ಮನೆ ಬದಲಾಯಿತು, ಅಷ್ಟೇ.

ನನ್ನ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಆ ಸ್ನೇಹಿತೆ ಒಮ್ಮೆ ಕೆ.ಆರ್. ನಗರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಉರ್ದು ಶಾಲೆಯಲ್ಲಿ ಟೀಚರ್ ಆಗಿದ್ದಳು. ಕಲ್ಲುಬೆಂಚಿನ ಮೇಲೆ ಕೂತೆವು. ನಾನು ಏನನ್ನೂ ಕೇಳಲಿಲ್ಲ, ಅವಳೇ ತೆಗೆದಳು.

"ನೀನು ಊರಿಗೆ ಹೋದ ಮಾರನೇ ದಿನಾನೇ ಹೆಡ್‌ಮೇಷ್ಟ್ರ ಹತ್ರ ಹೋಗಿ, ನಾನೇ ಬರ್ದಿದ್ದು ಅಂದೆ. ನಂಬ್ಲಿಲ್ಲ ಕಣೇ. 'ಸ್ನೇಹಿತೆಗೋಸ್ಕರ ಸುಳ್ಳು ಹೇಳ್ತಿದೀಯ, ಒಳ್ಳೇ ಹುಡುಗಿ, ಹೋಗಿ ಕೂತ್ಕೊ' ಅಂದ್ರು."

ಇಷ್ಟು ವರ್ಷ ಯಾರ ಮೇಲೆ ಕೋಪ ಮಾಡಿಕೊಂಡಿದ್ದೆನೋ ಅವಳು ಆಗಲೇ ಹೋಗಿ ಹೇಳಿದ್ದಳು.

"ಆಮೇಲೆ ಬರೆದ್ಯಾ?" ಎಂದೆ.

"ಇಲ್ಲ. ಬರೆಯೋಕೆ ಕೂತಾಗೆಲ್ಲ ನೀನು ಗೋಡೆ ಕಡೆ ತಿರುಗಿ ನಿಂತಿದ್ದೇ ಕಣ್ಣಿಗೆ ಬರೋದು. ನಂಗೋಸ್ಕರ ಹೇಳ್ದೆ, ಗೊತ್ತು. ಆದ್ರೆ ನಂದೂ ಅಂತ ಇದ್ದಿದ್ದು ಅದೊಂದೇ ಕಣೇ. ಅದೂ ನಿಂದಾಗೋಯ್ತು."

ಅವಳು ನಗುತ್ತಲೇ ಹೇಳಿದಳು. ಅಷ್ಟರಲ್ಲಿ ಹುಣಸೂರು ಬಸ್ಸು ಬಂತು. ಆಮೇಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದೆವು. ಮಕ್ಕಳ ವಿಷಯ, ಮಂಡಿನೋವಿನ ವಿಷಯ ಮಾತಾಡುತ್ತಿದ್ದೆವು. ಆ ಮಾತು ಮಾತ್ರ ಮತ್ತೆ ತೆಗೆಯಲಿಲ್ಲ.

ಅವಳು ತೀರಿಹೋಗಿ ಬಹಳ ಕಾಲವಾಯಿತು. ಮೇಷ್ಟ್ರುಗಳು ಬಂದುಹೋದ ಮೇಲೆ ಅವಳ ಮಗಳಿಗೆ ಫೋನ್ ಮಾಡಿಸಿ, ಆ ಕಥೆ ನಿನ್ನ ತಾಯಿಯದು ಎಂದು ನೆನಪಿದ್ದಷ್ಟನ್ನೂ ಹೇಳಿದೆ.

"ಅಮ್ಮಿ ಕನ್ನಡದಲ್ಲಿ ಬರೀತಿದ್ರಾ?" ಎಂದಳು. "ಇನ್ನೊಂದ್ ಸಲ ಹೇಳಿ, ಬರ್ಕೊತೀನಿ."