ಹದಿಮೂರನೆಯ ಸಿಳ್ಳೆ

ಯೊನ್‌ಸಿಲ್‌ಗೆ ಮೂವತ್ತೊಂದು ವರ್ಷ. ಕೊರಿಯಾದ ಜೇಜು ದ್ವೀಪದ ಆ ಕಡಲೂರಿನಲ್ಲಿ ಅವಳು ಕೈಬಿಟ್ಟ ಕೆಲಸಗಳು ಒಂದೆರಡಲ್ಲ. ಕಿತ್ತಳೆ ಆರಿಸುವ ಶೆಡ್ಡಿನಲ್ಲಿ ಯಂತ್ರದ ಗದ್ದಲ ತಾಳಲಾರದೆ ಮೂಲೆಯಲ್ಲಿ ಮುದುರಿ ಕೂತಳು. ನೂಡಲ್ಸ್ ಅಂಗಡಿಯಲ್ಲಿ ಗಿರಾಕಿ ಸಾರು ಹೇಗಿದೆ ಎಂದರೆ "ನಿನ್ನೆ ಮಾಡಿದ್ದು" ಎಂದಳು. ಅವಳಿಗೆ ಆಟಿಸಂ ಇದೆ ಎಂದು ವೈದ್ಯರು ಹೇಳಿ ಇಪ್ಪತ್ತೈದು ವರ್ಷವಾಗಿತ್ತು. ನೀರಿನೊಳಗೆ ಮಾತ್ರ ಅವಳು ಹಾಯಾಗಿರುತ್ತಿದ್ದಳು. ಅಲ್ಲಿ ಯಾರೂ ವಟಗುಟ್ಟುವುದಿಲ್ಲವಲ್ಲ.

ಅದನ್ನು ಕಂಡೇ ತಾಯಿ ಓಕ್‌ಜಿನ್ ಹಟ ಹಿಡಿದಳು. ಮಗಳೂ ತನ್ನಂತೆ ಉಸಿರು ಕಟ್ಟಿ ಮುಳುಗಿ, ಕಡಲ ತಳದಿಂದ ಶಂಖ, ಬಂಡೆಗೆ ಕಚ್ಚಿಕೊಂಡಿರುವ ಅಬಲೋನ್ ಎಂಬ ಚಿಪ್ಪುಜೀವಿ ಕಿತ್ತು ತರಬೇಕು. ಆದರೆ ಮುಳುಗುವ ಹೆಂಗಸರೆಲ್ಲ ಒಪ್ಪದೆ ಆ ನೀರಿಗೆ ಯಾರೂ ಇಳಿಯುವಂತಿಲ್ಲ. ಮೂರು ತಿಂಗಳು ಜೊತೆಗಿರಲಿ, ಆಮೇಲೆ ನೋಡೋಣ ಎಂದಿದ್ದರು. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತಿತ್ತು. ನೀರಿನಿಂದ ಬಂದಮೇಲೆ ಕೈ ಎತ್ತಿ ತೀರ್ಮಾನ.

ಹಿರಿಯಳಾದ ದೊಕ್‌ಸುನ್ ಕೈ ಎತ್ತುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಕಾರಣವೂ ಗೊತ್ತಿತ್ತು. ಹೋದ ತಿಂಗಳು ಯೊನ್‌ಸಿಲ್ ಅಳತೆಪಟ್ಟಿ ಹಿಡಿದು ಎಲ್ಲರ ಬಲೆಚೀಲದ ಶಂಖಗಳನ್ನೂ ಅಳೆದು, ಏಳು ಸೆಂಟಿಮೀಟರಿಗಿಂತ ಚಿಕ್ಕವನ್ನು ಸಮುದ್ರಕ್ಕೆ ಎಸೆದಿದ್ದಳು. ಒಂಬತ್ತು ಶಂಖ. ಒಂಬತ್ತೂ ದೊಕ್‌ಸುನ್‌ಳವು.

"ನಿಯಮ ಮಾಡಿದ್ದು ನೀವೇ ಅಲ್ವಾ ದೊಡ್ಡಮ್ಮ? ಗೋಡೆ ಮೇಲೆ ಬರೆಸಿದ್ದೀರಿ," ಎಂದಿದ್ದಳು. ಮಾತಿನಲ್ಲಿ ಕುಹಕವೇನೂ ಇರಲಿಲ್ಲ, ಪಾಪ. ಉಳಿದವರು ಮುಸಿಮುಸಿ ನಕ್ಕದ್ದೇ ಮುದುಕಿಗೆ ಮೈಯೆಲ್ಲ ಉರಿಯುವಂತೆ ಮಾಡಿತು.

ಅವತ್ತು ಬೆಳಿಗ್ಗೆ ಕಡಲಂಚಿನಲ್ಲಿ ಮೈ ಕಾಯಿಸಿಕೊಳ್ಳುವ ಬೆಂಕಿಕಟ್ಟೆಯಲ್ಲಿ ರಬ್ಬರ್ ಉಡುಪು ಏರಿಸುತ್ತ ದೊಕ್‌ಸುನ್ ನೇರವಾಗಿಯೇ ಅಂದಳು: "ಓಕ್‌ಜಿನ್, ನಿನ್ನ ಮಗಳು ಕರೆದ್ರೆ ತಿರುಗಿ ನೋಡಲ್ಲ. ನೀರಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರ್ಬೇಕು. ಪಕ್ಕದಲ್ಲಿರೋಳು ಸತ್ರೂ ಇವಳಿಗೆ ಗೊತ್ತಾಗಲ್ಲ ಕಣೇ."

ಒಳಗೊಳಗೆ ಓಕ್‌ಜಿನ್‌ಳ ಕೊರಗೂ ಅದೇ ಆಗಿತ್ತು. ಯೊನ್‌ಸಿಲ್ ಐದು ವರ್ಷದವಳಿದ್ದಾಗ ಅವಳನ್ನು ದಡದ ಕಪ್ಪು ಬಂಡೆಯ ಮೇಲೆ ಕೂರಿಸಿ ನೀರಿಗಿಳಿಯುತ್ತಿದ್ದಳು. ತಿರುಗಿ ಬಂದಾಗ ಬೇರೆ ಮಕ್ಕಳು ಅಮ್ಮಾ ಎಂದು ಓಡಿ ಬರುತ್ತಿದ್ದವು. ಇವಳು ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ಎತ್ತಲೋ ನೋಡುತ್ತಿದ್ದಳು. ನಾನು ಬಂದರೂ ಒಂದೇ, ಮುಳುಗಿ ಹೋದರೂ ಒಂದೇ ಇವಳಿಗೆ ಎಂದು ಓಕ್‌ಜಿನ್ ಎಷ್ಟೋ ಸಲ ಗೋಡೆಗೆ ಮುಖ ಮಾಡಿ ಅತ್ತಿದ್ದಳು.

ಗಾಳಿ ಜೋರಿತ್ತು. ಯೊನ್‌ಸಿಲ್ ಮತ್ತು ಉಳಿದ ಹದಿಮೂರು ಹೆಂಗಸರು ಕಿತ್ತಳೆ ಬಣ್ಣದ ತೇಲುಬುರುಡೆಗಳನ್ನು ತಬ್ಬಿಕೊಂಡು ಅಲೆಗಳ ನಡುವೆ ಹರಡಿಕೊಂಡರು. ಮುಳುಗುವುದು, ಸಿಕ್ಕಿದ್ದನ್ನು ಕಿತ್ತುಕೊಂಡು ಮೇಲೆ ಬರುವುದು, ಕಟ್ಟಿದ ಉಸಿರನ್ನು ತುಟಿಯಿಂದ ಸಿಳ್ಳೆಯಾಗಿ ಬಿಡುವುದು, ಮತ್ತೆ ಮುಳುಗುವುದು. ಕೇಳುವವರಿಗೆ ಎಲ್ಲ ಸಿಳ್ಳೆಯೂ ಒಂದೇ.

ಓಕ್‌ಜಿನ್ ಆಗಷ್ಟೇ ಮೇಲೆ ಬಂದಿದ್ದಳು. ಯೊನ್‌ಸಿಲ್ ಕಿರುಚಿದಳು.

"ದೊಕ್‌ಸುನ್ ದೊಡ್ಡಮ್ಮಂದು ಬಂದಿಲ್ಲ!"

"ಏನೇ ಬಂದಿಲ್ಲ?"

"ಸಿಳ್ಳೆ! ಅವರದು ಕೊನೇಲಿ ಒಡೆಯುತ್ತೆ. ಉಳಿದ ಹನ್ನೆರಡೂ ಬಂತು, ಅವರದೊಂದು ಬಂದಿಲ್ಲ. ಅಗೋ, ಆ ಬುರುಡೆ ಕೆಳಗೆ!"

ಬೇರೆಯವರಾದರೆ ಇದೇನು ಹುಚ್ಚು ಎನ್ನುತ್ತಿದ್ದರು. ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳದ ಮಗಳು. ಓಕ್‌ಜಿನ್ ಇನ್ನೇನೂ ಕೇಳದೆ ಮುಳುಗಿದಳು.

ತಳದಲ್ಲಿ ದೊಕ್‌ಸುನ್ ಒದ್ದಾಡುತ್ತಿದ್ದಳು. ಅಬಲೋನ್ ಕೀಳಲು ಅದರ ಅಡಿಗೆ ತೂರಿಸಿದ ಕಬ್ಬಿಣದ ಪಟ್ಟಿಯನ್ನು ಆ ಚಿಪ್ಪು ಬಂಡೆಗೆ ಅವುಚಿ ಹಿಡಿದಿತ್ತು. ಪಟ್ಟಿಯ ಕುಣಿಕೆ ಅವಳ ಮಣಿಕಟ್ಟಿಗೆ ಬಿಗಿದಿತ್ತು. ಎಳೆದರೆ ಜಾರುವಂತೆ ಸಡಿಲವಾಗಿ ಹಾಕಿಕೊಳ್ಳಿ ಎಂದು ಹೊಸಬರಿಗೆಲ್ಲ ಪಾಠ ಹೇಳುವವಳೇ, ಬೆರಳ ಹಿಡಿತ ಸಾಲದೆಂದು ಯಾರಿಗೂ ತಿಳಿಯದಂತೆ ಎರಡು ಸುತ್ತು ಸುತ್ತಿಕೊಂಡಿದ್ದಳು. ಓಕ್‌ಜಿನ್ ಪಾಚಿ ಕೊಯ್ಯುವ ಕುಡುಗೋಲಿನಿಂದ ಕುಣಿಕೆ ಕತ್ತರಿಸಿ ಅವಳನ್ನು ಮೇಲೆಳೆದಳು.

ದೊಕ್‌ಸುನ್‌ಳ ತುಟಿ ನೀಲಿಗಟ್ಟಿತ್ತು. ಕೆಮ್ಮಿದಳು, ನೀರು ಕಕ್ಕಿದಳು. ಕೊನೆಗೆ ಅವಳ ಸಿಳ್ಳೆ ಹೊರಟಿತು, ತುದಿಯಲ್ಲಿ ಒಡೆದುಕೊಂಡೇ.

"ಬಂತು," ಎಂದಳು ಯೊನ್‌ಸಿಲ್.

ಬೆಂಕಿಕಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ದೊಕ್‌ಸುನ್. ಕಂಬಳಿ ಹೊದ್ದುಕೊಂಡೇ, ಹೊಗೆ ಬಾರದ ಕಡೆ ತನ್ನ ಪಕ್ಕದ ಕಲ್ಲನ್ನು ತಟ್ಟಿದಳು. "ಬಾರೇ ಇಲ್ಲಿ. ಇನ್ಮೇಲೆ ಇದು ನಿನ್ನ ಜಾಗ."

"ಅದು ಆಳಕ್ಕೆ ಇಳಿಯೋರ ಜಾಗ. ನಾನು ಐದು ಮೀಟರ್ ಅಷ್ಟೇ," ಎಂದ ಯೊನ್‌ಸಿಲ್ ಹೊಗೆ ನುಗ್ಗುವ ಬದಿಯಲ್ಲಿ, ಹೊಸಬರ ಕಲ್ಲಿನ ಮೇಲೆ ಕೂತಳು.

"ಕೊಟ್ಟಿದ್ದನ್ನೂ ಅಳೆದು ನೋಡ್ತಾಳಲ್ರೇ ಇವಳು!" ದೊಕ್‌ಸುನ್ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಓಕ್‌ಜಿನ್ ಮಗಳ ಪಕ್ಕ ಹೊಗೆಯಲ್ಲೇ ಕೂತಳು. "ಎಲ್ಲರ ಸಿಳ್ಳೆನೂ ಯಾವಾಗ ಕಲಿತ್ಯೇ?"

"ಬಂಡೆ ಮೇಲೆ ಕೂರಿಸಿ ಹೋಗ್ತಿದ್ಯಲ್ಲ, ಆಗ. ನಿಂದು ಹುಡುಕ್ತಿದ್ದೆ. ನಿಂದು ಯಾವುದು ಅಂತ ಗೊತ್ತಾಗ್ಬೇಕಾದ್ರೆ ಉಳಿದೋರದೂ ಗೊತ್ತಿರ್ಬೇಕಲ್ಲ."

ಓಕ್‌ಜಿನ್ ಮಗಳ ಕಡೆ ತಿರುಗಿದಳು. "ಮತ್ತೆ ಕಿವಿ ಮುಚ್ಕೊಂಡು ಕೂತಿರ್ತಿದ್ಯಲ್ಲೇ?"

"ಅದು ನೀನು ದಡಕ್ಕೆ ಬಂದ್ಮೇಲೆ," ಎಂದಳು ಯೊನ್‌ಸಿಲ್, ಬೆಂಕಿಗೆ ಕೈ ಒಡ್ಡುತ್ತ. "ಆಮೇಲೆ ಕೇಳಿಸ್ಕೊಳ್ಳೋದು ಏನೂ ಇರ್ತಿರ್ಲಿಲ್ಲ."