ಮೊಂಟೆವಿಡಿಯೊಗೆ ಬರಿಗಾಲಲ್ಲಿ

ಉರುಗ್ವೆ ದೇಶದ ರಾಜಧಾನಿಗೆ ನಾನು ಬರಿಗಾಲಲ್ಲಿ ಹೋಗಿ ಬಂದೆ. ಹರಕೆ ಏನೂ ಇರಲಿಲ್ಲ. ಚಪ್ಪಲಿ ಹಿಂದಿನ ದೇಶದಲ್ಲಿ ಉಳಿದಿತ್ತು, ಅಷ್ಟೆ.

(ಮರವಂತೆಯ ಮುದುಕಿಗೆ ಅಲ್ಲಿ ಏನು ಕೆಲಸ ಎಂದು ಕೇಳಬೇಡಿ. ಮಗಳು ಸುಮಿತ್ರಾ, ಅಳಿಯ ಇಬ್ಬರೂ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಹೋಟೆಲ್ ಇಟ್ಟಿದ್ದಾರೆ. ನಮ್ಮ ಕಡೆಯವರು ಹೋಟೆಲ್ ಇಡದ ಊರು ಯಾವುದಿದೆ?)

ಜೊತೆಗೆ ನಾದಿನಿ ಗುಲಾಬಿಯನ್ನೂ ಕರೆದುಕೊಂಡು ಹೋಗಿದ್ದೆ. ನನ್ನ ತಮ್ಮನ ಹೆಂಡತಿ. ತಮ್ಮ ಮೀನಿಗೆ ಹೋದವನು ತಿರುಗಿ ಬರಲಿಲ್ಲ. ದೋಣಿಯೂ ಸಿಗಲಿಲ್ಲ. ಆ ಮೇಲೆ ಗುಲಾಬಿ ಯಾವ ದೋಣಿಗೂ ಕಾಲಿಟ್ಟವಳಲ್ಲ. ವಿಮಾನ ಹತ್ತಲು ಹೆದರಲಿಲ್ಲ, ನೀರು ಮಾತ್ರ ಬೇಡ.

ಮಗಳಿಗೆ ಇದು ತಲೆಗೆ ಹೋಗಲಿಲ್ಲ. ಒಂದು ದಿನದ ಟೂರ್ ಬುಕ್ ಮಾಡಿಬಿಟ್ಟಳು. ಬೆಳಿಗ್ಗೆ ದೊಡ್ಡ ಫೆರ್ರಿ ಬೋಟಿನಲ್ಲಿ ಮೊಂಟೆವಿಡಿಯೊ, ಊರು ತೋರಿಸಲು ಗೈಡ್, ಸಂಜೆ ವಾಪಸ್. ಬಂದರಿನಲ್ಲಿ ಸುಮಿತ್ರಾ ಗೈಡ್ ಜೊತೆ ಮುಂದೆ ಹೋದಳು, ಗುಲಾಬಿ ಬೆಂಚು ಬಿಟ್ಟು ಏಳಲಿಲ್ಲ.

"ನೀವ್ ಹೋಯ್ ಬನಿ ಅತ್ಗೆ. ನಾ ಇಲ್ಲೇ ಕೂಕಂತೆ."

"ಇಲ್ ಕೂಕಂಡ್ ಎಂತ ಮಾಡ್ತೆ? ನಿಂಗೆ ಒಂದ್ ಚಾ ಕೇಂಬುಕೂ ಬತ್ತಿಲ್ಲ."

"ಕೈ ತೋರ್ಸ್ರೆ ಕೊಡ್ತ್ರ್."

"ಹಂಗಾರೆ ನಾನೂ ಕೂಕಂತೆ. ಸುಮಿತ್ರಾ ಬೈದ್ರೆ ಬೈಲಿ."

ನಾನು ಯಾರನ್ನೂ ಓಲೈಸುವವಳಲ್ಲ. ನಿಜವಾಗಿಯೂ ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಎದ್ದಳು. "ಬೋಟಿನ ಬಾಗ್ಲ್ ತನ್ಕ ಬತ್ತೆ. ಅಲ್ಲಿಂದ ಮುಂದೆ ಒತ್ತಾಯ ಮಾಡುಕಾಗ."

ಬಾಗಿಲಲ್ಲಿ ಒಬ್ಬ ಹುಡುಗಿ ಎಲ್ಲರಿಗೂ ತೆಳು ನೀಲಿ ಚೀಲ ಕೊಡುತ್ತಿದ್ದಳು. ಬೂಟಿನ ಮೇಲೆ ಹಾಕಿಕೊಳ್ಳುವುದಂತೆ. ಒಳಗೆ ಕಾರ್ಪೆಟ್ ಇದೆ, ಕೊಳೆಯಾಗಬಾರದು. ಗುಲಾಬಿ ನಿಂತು ನೋಡಿದಳು.

"ಕಾಣಿ ಅತ್ಗೆ, ದೋಣಿಗ್ ಚಪ್ಲಿ ಹಾಕಂಡ್ ಹತ್ತುಕಾಗ ಅಂದೇಳಿ ಇವ್ರಿಗೂ ಗೊತ್ತಿತ್ತ್."

ಹೇಳುತ್ತಲೇ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟಳು. ಹೊಸಿಲು ಮುಟ್ಟಿ ಕೈ ಕಣ್ಣಿಗೊತ್ತಿಕೊಂಡಳು. ಒಳಗೆ ಹೋದಳು. ಮೀನುಗಾರರ ಮನೆಯ ಕಾಲು, ಅದಕ್ಕೆ ಅದರದೇ ನೆನಪು. ಹೆದರಿಕೆ ಬರುವ ಮೊದಲೇ ಕಾಲು ಒಳಗಿತ್ತು. ಅವಳನ್ನು ನೋಡುತ್ತಾ ನಾನೂ ಚಪ್ಪಲಿ ಬಿಟ್ಟೆ, ಹತ್ತಿದೆ. (ನಮ್ಮಲ್ಲಿ ದಡದಲ್ಲಿ ಬಿಟ್ಟ ಚಪ್ಪಲಿಯನ್ನು ತಿರುಗಿ ಬಂದು ಹಾಕಿಕೊಳ್ಳುವುದು. ಬೇರೆ ದೇಶಕ್ಕೆ ಹೋಗುವಾಗ ಹೇಗೆಂದು ಯಾರು ಯೋಚಿಸಿದ್ದಾರೆ?)

ಗೈಡ್ ಹೇಳಿದ್ದನ್ನೆಲ್ಲ ಸುಮಿತ್ರಾ ಕನ್ನಡದಲ್ಲಿ ಹೇಳುತ್ತಿದ್ದಳು. ಇದು ಸಮುದ್ರವಲ್ಲ, ಹೊಳೆಯಂತೆ. ಹೆಸರು ಬೆಳ್ಳಿಹೊಳೆ. ಬೆಳ್ಳಿ ಎಲ್ಲಿಂದ ಬಂತು? ಹಾಲು ಹೆಚ್ಚಾದ ಚಾದ ಬಣ್ಣ. ನಮ್ಮಲ್ಲಿ ಸಮುದ್ರಕ್ಕೂ ಹೊಳೆಗೂ ನಡುವೆ ಒಂದು ರಸ್ತೆಯಷ್ಟೇ ಜಾಗ. ಇಲ್ಲಿ ಹೊಳೆಗೆ ಆಚೆ ದಡವೇ ಕಾಣುವುದಿಲ್ಲ.

ಆಮೇಲೆ ಈಚೆ ದಡವೂ ಹೋಯಿತು. ಮುಂದೆ ನೀರು, ಹಿಂದೆ ನೀರು, ಆಕಾಶಕ್ಕೂ ಅದೇ ಬಣ್ಣ. ಬೋಟು ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗದು. ಗುಲಾಬಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು.

"ಅವ್ರ್ ಕಡೀಗೆ ಕಂಡದ್ದೂ ಹೀಂಗೇ ಇಪ್ಪುದಾ ಅತ್ಗೆ?"

"ಇಪ್ಪುದೇನೋ."

"ಚಂದ ಇತ್ತ್."

ಅಷ್ಟು ಹೇಳಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ನಾನು ಅಲುಗಾಡಲಿಲ್ಲ. ತಮ್ಮನ ಮುಖ ಸರಿಯಾಗಿ ನೆನಪಾಗಲಿಲ್ಲ. ಅವನು ಬೀಡಿ ಹಚ್ಚುವಾಗ ಗಾಳಿಗೆ ಅಡ್ಡ ಹಿಡಿಯುತ್ತಿದ್ದ ಕೈ ಮಾತ್ರ ನೆನಪಾಯಿತು.

ಇಳಿಯುವಾಗ ಸುಮಿತ್ರಾ ನಮ್ಮ ಕಾಲು ನೋಡಿದಳು. "ಅಮ್ಮ, ಚಪ್ಲಿ ಎಲ್ಲಿತ್ತ್?"

"ಬಾಗ್ಲಲ್ ಬಿಟ್ಟದ್."

"ಆ ಬಾಗ್ಲ್ ಅರ್ಜೆಂಟೀನಾದಲ್ ಉಳೀತಲೆ ಮಾರಾಯ್ತಿ."

ಗೈಡ್ ನಕ್ಕು ನಕ್ಕು ಆ ನೀಲಿ ಚೀಲಗಳನ್ನೇ ನಮ್ಮ ಕಾಲಿಗೆ ಹಾಕಿಸಿದಳು. ರಾಜಧಾನಿ ನೋಡಿದ್ದು ಹಾಗೆ. ಚೌಕದಲ್ಲಿ ಕುದುರೆ ಮೇಲೆ ಕೂತ ಯಾರೋ ದೊಡ್ಡವರ ಮೂರ್ತಿ. ಹಳೇ ಕೋಟೆಯ ಬಾಗಿಲು. ಮಾಂಸ ಸುಡುವ ಹೊಗೆ. ಚೀಲ ಬೇಗನೆ ಹರಿಯಿತು. ಬಿಸಿಲಿಗೆ ಕಾದ ಕಲ್ಲು ಬರಿಗಾಲಿಗೆ ಹಿತವಾಗಿತ್ತು. ನೀರಿನ ಪಕ್ಕದ ಕಟ್ಟೆಯಲ್ಲಿ ಗಾಳ ಹಾಕಿ ಕೂತವನ ಬಕೆಟ್ಟಿಗೆ ಗುಲಾಬಿ ಇಣುಕಿದಳು.

"ಹ್ವಾಯ್, ಇಷ್ಟೇಯಾ?"

ಅವನು ಅವನ ಭಾಷೆಯಲ್ಲಿ ಏನೋ ಹೇಳಿ ಕೈ ಚೆಲ್ಲಿದ. ಇಬ್ಬರಿಗೂ ಅರ್ಥವಾಯಿತು.

ಸಂಜೆ ಬೋಟಿಗೆ ಅವಳೇ ಮುಂದೆ ಹತ್ತಿದಳು. ಹೊಳೆ ಈಗ ನಿಜಕ್ಕೂ ಬೆಳ್ಳಿಯಾಗಿತ್ತು. ಅದನ್ನೇ ನೋಡುತ್ತಾ ಕೇಳಿದಳು, "ಊರಿಗ್ ಹೋದ್ಮೇಲೆ ನನ್ ಅಪ್ಪನ ಮನಿಗ್ ಹೋಪನಾ ಅತ್ಗೆ? ನೀವೂ ಬತ್ರ್ಯಾ?"

ಅವಳ ತವರು ಹೊಳೆ ನಡುವಿನ ಕುದ್ರುವಿನಲ್ಲಿ. ದೋಣಿ ಇಲ್ಲದೆ ದಾರಿಯಿಲ್ಲ. ಅಲ್ಲಿನ ಮದುವೆಗೆ, ತೊಟ್ಟಿಲಿಗೆ ಕರೆ ಬಂದಾಗಲೆಲ್ಲ ನಾನು ಹೇಳಿ ಕಳಿಸಿದ್ದು ಒಂದೇ ಮಾತು. ಗುಲಾಬಿಗೆ ದೋಣಿ ಆಗುವುದಿಲ್ಲ, ಅವಳನ್ನು ಬಿಟ್ಟು ನಾನು ಬರುವುದು ಹೇಗೆ? ತಮ್ಮ ಹೋದ ಮೇಲೆ ನನಗೂ ದೋಣಿ ಆಗದು ಎಂದು ಯಾರಿಗೂ ಹೇಳಿರಲಿಲ್ಲ.

ಇನ್ನು ಯಾರ ನೆಪ ಹೇಳಲಿ?