ಕೈಪಿಡಿಯಲ್ಲಿ ಇಲ್ಲದ ಪುಟ

ಗ್ರಂಥಾಲಯಕ್ಕೆ ಬರುವವರೆಲ್ಲ ಆಕೆಯನ್ನು ‘ಶ್ಶ್ ಮೇಡಂ’ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಅದೇ ಮೇಜಿನ ಹಿಂದೆ ಕೂತು ‘ಶ್ಶ್’ ಅಂದದ್ದೊಂದೇ ಆಕೆಯ ಸಾಧನೆ ಎಂದು ಬೆನ್ನ ಹಿಂದೆ ನಗುತ್ತಿದ್ದರು. ನಗಲಿ ಬಿಡಿ. ಫೋನಿಗೆ ಬಂದದ್ದನ್ನೆಲ್ಲ ಕಣ್ಣು ಮುಚ್ಚಿ ನಂಬಿ, ಹತ್ತು ಜನಕ್ಕೆ ದಾಟಿಸಿ ಹಾಯಾಗಿರುವ ಈ ಮಹಾನುಭಾವರನ್ನು ಕಂಡರೆ ಆಕೆಗೂ ಮೈಯೆಲ್ಲ ಉರಿಯುತ್ತಿತ್ತು.

‘ಓದಿದ್ದನ್ನು ಪರೀಕ್ಷಿಸುವುದು ಹೇಗೆ’ ಎಂದು ಉಪನ್ಯಾಸ ಇಟ್ಟಳು. ಬಂದವರು ಮೂವರು, ಅದರಲ್ಲಿ ಇಬ್ಬರು ಫ್ಯಾನಿನ ಗಾಳಿಗೆ ಬಂದವರು. ಆಟ ಶುರುಮಾಡಿದಳು ನೋಡಿ, ಕುರ್ಚಿ ಸಾಲಲಿಲ್ಲ! ತಾನೇ ಕೈಯಲ್ಲಿ ಬರೆದ ಅರವತ್ತು ಚೀಟಿ, ಅರ್ಧ ನಿಜ, ಅರ್ಧ ಸುಳ್ಳು. ಒಂದೊಂದರ ಕೆಳಗೂ ಪುಸ್ತಕದ ಹೆಸರು, ಪುಟದ ಸಂಖ್ಯೆ. ಅನುಮಾನ ಬಂದವರು ಎದ್ದು ಹೋಗಿ, ಕಪಾಟಿನಿಂದ ಪುಸ್ತಕ ತೆಗೆದು ನೋಡಬೇಕು. ಸುಳ್ಳು ಹಿಡಿದವರು ಗೆದ್ದ ಹಾಗೆ.

ಅದರಲ್ಲಿ ಒಂದು ಚೀಟಿಯ ಮೇಲೆ ಆಕೆಗೆ ಎಲ್ಲಿಲ್ಲದ ಜಂಬ. ‘ಈರುಳ್ಳಿ ಸಿಪ್ಪೆ ಕುದಿಸಿದ ನೀರನ್ನು ಮೂರು ತಿಂಗಳು ಕುಡಿದರೆ ಸಕ್ಕರೆ ಕಾಯಿಲೆಗೆ ಮಾತ್ರೆಯೇ ಬೇಡ. ವೈದ್ಯಕೀಯ ಕೈಪಿಡಿ, ಪುಟ 412.’ ಆ ಕೈಪಿಡಿ ಮುಗಿಯುವುದೇ 388ಕ್ಕೆ. ನಾಲ್ಕು ಹೆಜ್ಜೆ ಇಟ್ಟಿದ್ದರೆ ಯಾರು ಬೇಕಾದರೂ ಗೆಲ್ಲಬಹುದಿತ್ತು. ಆದರೆ ಪುಟದ ಸಂಖ್ಯೆ ಕಂಡದ್ದೇ ತಡ, ಎಲ್ಲರೂ ‘ನಿಜ, ನಿಜ’ ಎಂದುಬಿಡುತ್ತಿದ್ದರು. ತಿಂಗಳುಗಟ್ಟಲೆ ಒಬ್ಬರೂ ಕುರ್ಚಿ ಬಿಟ್ಟು ಏಳಲಿಲ್ಲ. ಸುಳ್ಳೆಂದು ಆಕೆಯಾದರೂ ಹೇಳಬೇಕಿತ್ತು ತಾನೇ? ಹೇಳಲಿಲ್ಲ. ಹೇಳಿದರೆ ಮುಂದಿನ ವಾರದ ಆಟದ ಮಜಾ ಹೋಗುತ್ತದಂತೆ! ಎಂಥ ಜಾಣೆ!

ಒಂದು ಬೆಳಿಗ್ಗೆ ಅಕ್ಕನ ಮಗಳ ಫೋನು ಬಂತು. ಅಕ್ಕನ ಪಾದ ಕೊಳೆತಿದೆ, ಇವತ್ತೇ ಕತ್ತರಿಸಬೇಕಂತೆ. ಆಕೆ ಬಿದ್ದಂಬೀಳ ಆಸ್ಪತ್ರೆಗೆ ಓಡಿದಳು.

“ಅಮ್ಮ ಮೂರು ತಿಂಗಳಿಂದ ಸಕ್ಕರೆ ಮಾತ್ರೆ ಮುಟ್ಟಿಲ್ಲ ಚಿಕ್ಕಮ್ಮ, ನನಗೂ ಹೇಳಿಲ್ಲ! ಇದನ್ನ ನಂಬ್ಕೊಂಡು ಕೂತಿದ್ದಾಳೆ,” ಎಂದು ಅಕ್ಕನ ಮಗಳು ಫೋನನ್ನು ಆಕೆಯ ಮುಖಕ್ಕೆ ಹಿಡಿದಳು. ಆಟಕ್ಕೆ ಬಂದ ಯಾರೋ ಪುಣ್ಯಾತ್ಮರು ಚೀಟಿಯ ಫೋಟೋ ತೆಗೆದು ಊರಿಗೆಲ್ಲ ಹಂಚಿದ್ದರು. “ಯಾವ ಮನೆಹಾಳ ಬರೆದನೋ, ಕೈಗೆ ಸಿಗಲಿ, ಬಿಡಲ್ಲ!”

ಆಕೆ ನೋಡಿದಳು: ಅದೇ ಈರುಳ್ಳಿ ಸಿಪ್ಪೆ, ಅದೇ ಪುಟ 412. ಅಮ್ಮ ಸತ್ತ ಮೇಲೆ ತನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಹೇಳಿದರೆ ಅಕ್ಕ ತನ್ನವಳಾಗಿ ಉಳಿಯುವುದಿಲ್ಲ, ಹೇಳದಿದ್ದರೆ ತಾನು ಮನುಷ್ಯಳಾಗಿ ಉಳಿಯುವುದಿಲ್ಲ. ಅಕ್ಕನ ಮಗಳು ಸಹಿ ಹಾಕಲು ಹೋದಾಗ ಆಕೆ ಮಂಚದ ಅಂಚಿನಲ್ಲಿ ಕೂತಳು. ಅಕ್ಕ ಕೈ ಹಿಡಿದುಕೊಂಡಳು.

“ಅಕ್ಕಾ, ಆ ಚೀಟಿ ಬರೆದಿದ್ದು ನಾನು.”

“ಗೊತ್ತು ಕಣೇ. ನಿನಗೆ ಅಕ್ಷರ ತಿದ್ದಿಸಿದೋಳು ನಾನು, ನಿನ್ನ ಕೈಬರಹ ಗುರುತು ಸಿಗಲ್ವಾ? ಬೇರೆ ಯಾರೇ ಬರೆದಿದ್ರೂ ಮಾತ್ರೆ ಬಿಡ್ತಿರಲಿಲ್ಲ.” ಅಕ್ಕ ನಗಲು ನೋಡಿದಳು. “ಯಾವುದೋ ಪುಸ್ತಕದಲ್ಲಿ ತಪ್ಪಾಗಿ ಇತ್ತೇನೋ, ನೀನೇನು ಮಾಡ್ತೀಯ? ನನ್ನ ಮಗಳಿಗೆ ಹೇಳ್ಬೇಡ, ಸುಮ್ಮನೆ ಕೂಗಾಡ್ತಾಳೆ.”

ಇಲ್ಲಿಗೆ ಸುಮ್ಮನಿದ್ದುಬಿಡಬಹುದಿತ್ತು. ಅಕ್ಕನೇ ಬಾಗಿಲು ತೆರೆದು ಕೊಟ್ಟಿದ್ದಳು.

“ಯಾವ ಪುಸ್ತಕದಲ್ಲೂ ಇರಲಿಲ್ಲ ಅಕ್ಕಾ. ಸುಳ್ಳು ಅಂತ ಗೊತ್ತಿದ್ದೇ ಬರೆದೆ. ಜನ ಹೋಗಿ ನೋಡ್ತಾರಾ ಇಲ್ವಾ ಅಂತ... ಒಂದು ಆಟಕ್ಕೆ.”

“ಆಟಕ್ಕಾ?”

ಅಕ್ಕ ತಂಗಿಯ ಕೈ ಬಿಟ್ಟಳು.

“ನೀನು ಹೊರಗೆ ಹೋಗು,” ಎಂದಳು. “ನನ್ನ ಮಗಳನ್ನ ಕಳಿಸು.”